ರಬ್ಬರ್ ಮುಚ್ಚಳ

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಪುರಸಭೆಯವರು ಬೀದಿ ಮೂಲೆಗೆ ಹಗ್ಗ ಕಟ್ಟುತ್ತಾರೆ.
ಹಿಡಿದುಕೊಂಡೇ ದಾಟಬೇಕು, ಮುದುಕರೂ ಮೇಯರೂ.
ಹಾಗೆ ದಾಟಿ ಬಂದು, ಅಂಗೈ ಇನ್ನೂ ಉರಿಯುತ್ತಿರುವಾಗಲೇ
ಆಸಿಲೋಸ್ಕೋಪನ್ನು ಗೋಡೆಯಿಂದ ಈಚೆಗೆ ಎಳೆದೆ.

ಬೆನ್ನ ತುಂಬ ದೂಳು. ದೂಳಿನ ನಡುವೆ
ಹನ್ನೊಂದು ವರ್ಷ ಯಾರೂ ತೆಗೆಯದ ಕರಿ ರಬ್ಬರ್ ಮುಚ್ಚಳ.
ಉಗುರು ಹಾಕಿ ಕಿತ್ತೆ. ಒಳಗೆ ಎಂಟು ಚಿನ್ನದ ಎಳೆ,
ನಿನ್ನೆ ಮಾಡಿಟ್ಟ ಹಾಗೆ.
"ಅಲ್ಲೊಂದು ತೂತಿತ್ತೇ, ಯೆರ್ಕಾ?" ಎಂದರು
ದೋನ್ ಎಲೆಯುತೇರಿಯೊ, ಕುರ್ಚಿಯಿಂದ ಏಳದೆ.
ಅವರಿಗೆ ಅದು ಮುಖ ಮಾತ್ರ ಇರುವ ಪ್ರಾಣಿ:
ಪರದೆ, ನಾಲ್ಕು ಗುಂಡಿ, ಹಳದಿ ಗೆರೆ, ನೀಲಿ ಗೆರೆ.
ಹಡಗಿನ ರೇಡಿಯೋಗಳ ನಾಡಿ ಹಿಡಿದು
ಮಕ್ಕಳ ಚೌಕುಳಿ ಪುಸ್ತಕದಲ್ಲಿ
ಪೆನ್ಸಿಲಿನಿಂದ ಬರೆದಿಟ್ಟರು, ಹದಿನಾಲ್ಕು ಪುಸ್ತಕ.

ಈಗ ವಾಲ್ಪರೈಸೊದ ಕಚೇರಿಗೆ ಪೆನ್ಸಿಲ್ ಬೇಡವಂತೆ.
ಅಂಕಿ ಯಂತ್ರದ ಬಾಯಿಂದಲೇ ಬರಬೇಕಂತೆ,
ನಡುವೆ ಮನುಷ್ಯರ ಕೈ ತಾಗಬಾರದಂತೆ.
ಮಡಿ ಅಂದರೆ ಮಡಿ.

ನೀಲಿ ಕೇಬಲ್ ಒತ್ತಿದೆ. ಟಿಕ್ ಎಂದಿತು.
ಹಸಿರು ದೀಪ ಹತ್ತಿತು, ಕಿತ್ತಳೆಯದು ಮಿಟುಕಿತು.
ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ
ಎಂದು ಕಾದೆ.
ಬರಲಿಲ್ಲ.
ವಿಳಾಸ ಹಂಚುವ ಪೆಟ್ಟಿಗೆ ಮಹಡಿಯ ಮೇಲೆ
ಮೀನಿನ ತೊಟ್ಟಿಯ ಪಕ್ಕ ನಿದ್ದೆ ಹೋಗಿತ್ತು.
ಯಾರೂ ಕೊಡದಿದ್ದರೆ ಯಂತ್ರ
ತನಗೆ ತಾನೇ ಒಂದು ವಿಳಾಸ ಕೊಟ್ಟುಕೊಳ್ಳುತ್ತದೆ:
ನೂರ ಅರವತ್ತೊಂಬತ್ತು, ಇನ್ನೂರ ಐವತ್ತನಾಲ್ಕು, ಮುಂದೆ ಏನೋ.
ಯಾವ ಅಂಚೆಯವನೂ ಹೋಗದ ಬೀದಿ ಅದು.
ನನ್ನ ತಾತನ ತಾತ ಏಡ್ರಿಯಾಟಿಕ್ ಕಡಲಿನ ದ್ವೀಪದಿಂದ ಬಂದು
ಇಲ್ಲಿ ಹಡಗಿಳಿದಾಗ, ಮನೆ ಎಲ್ಲಿ ಎಂದ ಗುಮಾಸ್ತನಿಗೆ
ಎದುರು ಕಂಡ ಬಾಗಿಲ ನಂಬರನ್ನೇ ಹೇಳಿದ್ದನಂತೆ.
ಅದು ಕಸಾಯಿಯ ಅಂಗಡಿ.

ಕೊನೆಗೆ ನಾನೇ ಕೊಟ್ಟೆ. ಬಾಲದಲ್ಲಿ ಇಪ್ಪತ್ತೇಳು.
ಅರ್ಧ ನಿಮಿಷ ಚೆನ್ನಾಗಿತ್ತು. ಆಮೇಲೆ ಮುಗ್ಗರಿಸಿತು,
ಎದ್ದಿತು, ಮತ್ತೆ ಮುಗ್ಗರಿಸಿತು. ಇಪ್ಪತ್ತೇಳರಲ್ಲಿ
ಚೀಟಿ ಅಚ್ಚು ಹಾಕುವ ಯಂತ್ರ ಆಗಲೇ ಸಂಸಾರ ಹೂಡಿತ್ತು.
ಹಾಜರಿ ಕೂಗಿದರೆ ಇಬ್ಬರೂ ಎದ್ದು ನಿಲ್ಲುವುದು,
ಇಬ್ಬರೂ ಕೂರುವುದು.
ಇಪ್ಪತ್ತೆಂಟಕ್ಕೆ ಸರಿಸಿದೆ. ನಿಂತಿತು.

ಈಗ ಕಂಪ್ಯೂಟರಿನಿಂದ ಮೊದಲ ಮಾತು.
ಇವರ ಭಾಷೆಯಲ್ಲಿ ಕುಶಲ ಕೇಳುವ ಪದ್ಧತಿ ಇಲ್ಲ.
ಒಂದು ನಕ್ಷತ್ರ, ಮೂರಕ್ಷರ, ಒಂದು ಪ್ರಶ್ನೆಯ ಕೊಕ್ಕೆ:
ಯಾರು ನೀನು?

ಹೊರಗೆ ಮಾಡಿನ ತಗಡು ದಡದಡ ಹೊಡೆದುಕೊಂಡಿತು.
ಉತ್ತರ ಬಂತು, ಒಂದೇ ಸಾಲು, ಉಸಿರು ತೆಗೆಯದೆ
ಪ್ರವರ ಒಪ್ಪಿಸಿದ ಹಾಗೆ:
ಮಾಡಿದವರ ಹೆಸರು, ಮಾದರಿ, ಕ್ರಮಸಂಖ್ಯೆ,
ಒಳಗೆ ತುಂಬಿದ ಬುದ್ಧಿ ಎಷ್ಟನೆಯದೆಂದು.
ದೋನ್ ಎಲೆಯುತೇರಿಯೊ ಈಗ ಎದ್ದರು.
"ಇಷ್ಟು ವರ್ಷ ಜೊತೆಗಿದ್ದೆ. ಕೇಳಲೇ ಇಲ್ಲ ನಾನು."

ದಿನ ಯಾವುದೆಂದೆ. ಎರಡು ಸಾವಿರ, ಜನವರಿ ಒಂದು ಎಂದಿತು.
ಒಳಗಿನ ಬ್ಯಾಟರಿ ಯಾವಾಗಲೋ ಸತ್ತಿದೆ;
ಸ್ವಿಚ್ ಹಾಕಿದಾಗಲೆಲ್ಲ ಅದಕ್ಕೆ ಅದೇ ಬೆಳಗು.
"ಆವತ್ತು ನನಗೆ ನಲವತ್ತೊಂಬತ್ತು," ಎಂದು ನಕ್ಕರು, "ತಿದ್ದಬೇಡ."
ತಿದ್ದಿದೆ.

ಅಂಕಿಗಳು ಇಳಿಯತೊಡಗಿದವು, ಸಾಲು ಸಾಲು,
ನಾನು ಕಾಫಿ ಕುಡಿಯುವಷ್ಟರಲ್ಲಿ ಒಂದು ಪುಸ್ತಕದಷ್ಟು.
ಆಗ ಅವರು ಯಂತ್ರದ ಹಣೆಯ ಮೇಲೆ ಬೆರಳಿಟ್ಟರು.
ಕಂದಿದ ಅಂಟುಪಟ್ಟಿ, ಅರ್ಧ ಅಳಿಸಿದ ಪೆನ್ಸಿಲ್:
ಎರಡನೇ ಚಾನೆಲ್ ಕಡಿಮೆ ಹೇಳುತ್ತದೆ. ನೂರಕ್ಕೆ ಮೂರು ಸೇರಿಸು.
ಚಳಿ ಹೆಚ್ಚಿದ್ದರೆ ನಾಲ್ಕು.

ಯಾರು ನೀನು ಎಂದಾಗ ಇದನ್ನು ಅದು ಹೇಳಿರಲಿಲ್ಲ.
ಹೇಳಿದ್ದರೂ ವಾಲ್ಪರೈಸೊದ ನಮೂನೆಯಲ್ಲಿ
ಇದಕ್ಕೆ ಕಾಲಂ ಇಲ್ಲ.

ಜೇಬಿನಲ್ಲಿ ಮುಚ್ಚಳ ಕೈಗೆ ಸಿಕ್ಕಿತು, ಬೆಚ್ಚಗಿತ್ತು.
"ಇವತ್ತು ಎಷ್ಟು?" ಎಂದೆ.
ಅವರು ಹೋಗಿ ಕಿಟಕಿಯನ್ನು ಬೆರಳಷ್ಟು ತೆರೆದರು.
ಬೆಂಚಿನ ಮೇಲಿನ ಕಾಗದವೆಲ್ಲ ಎದ್ದು ಹಾರಿತು.
ಮೂತಿ ಹೊರಗಿಟ್ಟು ತುಸು ಹೊತ್ತು ನಿಂತರು.
"ನಾಲ್ಕು," ಎಂದರು,
ಪೆನ್ಸಿಲಿಗಾಗಿ ಕಿವಿಯ ಸಂದಿ ತಡಕುತ್ತಾ.